ಸಕ್ಕರೆ ಹತೋಟಿಗೆ ಬಂದ ಮೇಲೂ ಅಂಗಾಲು ಉರಿಯುವುದೇಕೆ?

ಪ್ರಶ್ನೆ: ನನಗೆ 54 ವರ್ಷ. ಹನ್ನೊಂದು ವರ್ಷಗಳಿಂದ ಟೈಪ್ 2 ಮಧುಮೇಹವಿದೆ. ಮೊದಲಿನಿಂದಲೂ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದೇನೆ. ಆರಂಭದ ವರ್ಷಗಳಲ್ಲಿ ಅಷ್ಟಾಗಿ ಗಮನ ಕೊಡಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕಳೆದ ಎರಡು ವರ್ಷಗಳಿಂದ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಪರೀಕ್ಷೆ) 7ರ ಆಸುಪಾಸಿನಲ್ಲಿದೆ. ಆದರೂ ಎಂಟು ತಿಂಗಳಿಂದ ರಾತ್ರಿ ಮಲಗಿದರೆ ಅಂಗಾಲು ಉರಿಯುತ್ತದೆ, ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ. ಹಗಲಿನಲ್ಲಿ ಕಾಲ್ಬೆರಳುಗಳು ಜೋಮು ಹಿಡಿದಂತಿರುತ್ತವೆ. ಸಕ್ಕರೆಯಿಂದ ನರಕ್ಕೆ ಹಾನಿಯಾಗಿದೆ ಎಂದು ವೈದ್ಯರು ಹೇಳಿದರು. ನನ್ನ ಅಣ್ಣನಿಗೆ ನನಗಿಂತ ಹೆಚ್ಚು ಸಕ್ಕರೆ ಇದೆ, ಅವನಿಗೆ ಈ ತೊಂದರೆ ಇಲ್ಲ. ಸಕ್ಕರೆ ನರವನ್ನು ಹಾಳುಮಾಡುವುದು ಹೇಗೆ? ನನಗೇ ಏಕೆ, ಅದೂ ಹತೋಟಿಗೆ ಬಂದ ಮೇಲೆ?

ಉತ್ತರ: ಮೊದಲು ನಿಮ್ಮ ಅಣ್ಣನ ವಿಷಯ. ಅವರಿಗೆ ತೊಂದರೆ ಇಲ್ಲ ಎಂದು ಬರೆದಿದ್ದೀರಿ, ಅವರ ಪಾದವನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಬರೆದಿಲ್ಲ. ಮಧುಮೇಹದ ನರಹಾನಿ ಇರುವವರಲ್ಲಿ ಅರ್ಧದಷ್ಟು ಜನರಿಗೆ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ಕಾಲಿಗೇನೂ ಆಗಿಲ್ಲ ಎನ್ನುವವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವೆಯನ್ನು ತಟ್ಟಿ ಅದರ ಬುಡವನ್ನು ಕಾಲಿನ ಹೆಬ್ಬೆರಳಿನ ಗೆಣ್ಣಿನ ಮೇಲೆ ಊರುತ್ತೇನೆ. ನಡುಕ ನಿಂತ ಕೂಡಲೇ ಹೇಳಿ ಎನ್ನುತ್ತೇನೆ. ಎರಡು ಮೂರು ಸೆಕೆಂಡಿಗೇ ‘ನಿಂತಿತು’ ಎನ್ನುತ್ತಾರೆ. ಅದೇ ಕವೆಯನ್ನು ನನ್ನ ಬೆರಳಿನ ಗೆಣ್ಣಿಗೆ ತಾಗಿಸಿದರೆ ಅದು ಇನ್ನೂ ಗುಂಯ್‌ಗುಡುತ್ತಿರುತ್ತದೆ. ಆ ಕೆಲವು ಸೆಕೆಂಡುಗಳ ಅಂತರದಲ್ಲಿ ನರ ಎಷ್ಟು ಕಳೆದುಕೊಂಡಿದೆ ಎಂಬುದು ಗೊತ್ತಾಗುತ್ತದೆ. ರೋಗಿಗೆ ಮಾತ್ರ ಅದುವರೆಗೆ ಸುಳಿವೇ ಇರುವುದಿಲ್ಲ. ಹಾಗಾಗಿ ಅಣ್ಣನಿಗಿಲ್ಲ, ನನಗಿದೆ ಎಂಬ ತೀರ್ಮಾನವನ್ನು ಸದ್ಯಕ್ಕೆ ಬದಿಗಿಡೋಣ.

ಇನ್ನು ಮುಖ್ಯ ಪ್ರಶ್ನೆ. ಪಾದದ ಸ್ಪರ್ಶ, ನೋವು, ಬಿಸಿ ತಣ್ಣಗೆಯ ಅರಿವನ್ನು ಹೊತ್ತು ತರುವ ನರಕೋಶದ ದೇಹ ಇರುವುದು ಪಾದದಲ್ಲಲ್ಲ, ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದ ಪುಟ್ಟ ಗಂಟಿನಲ್ಲಿ. ಆ ಕೋಶದೇಹ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಅಲ್ಲಿಂದ ಹೊರಟ ಎಳೆಯೊಂದು ತೊಡೆ, ಮೊಣಕಾಲು, ಹಿಮ್ಮಡಿಗಳನ್ನು ದಾಟಿ ಬೆರಳ ತುದಿಯವರೆಗೆ ಸುಮಾರು ಒಂದು ಮೀಟರ್ ಉದ್ದ ಚಾಚಿಕೊಂಡಿದೆ. ಎಳೆಯ ತುದಿಗೆ ಬೇಕಾದ ಪ್ರೋಟೀನಿನ ಬಹುಪಾಲು ತಯಾರಾಗುವುದು ಆ ಕೋಶದೇಹದಲ್ಲಿ. ವೇಗದ ಸಾಗಣೆ ದಿನಕ್ಕೆ ಸುಮಾರು 400 ಮಿಲಿಮೀಟರ್ ಸಾಗುತ್ತದೆ, ಎಂದರೆ ಪಾದ ತಲುಪಲು ಎರಡು ಮೂರು ದಿನ. ಎಳೆಯ ಹಂದರ ಕಟ್ಟುವ ಸಾಮಗ್ರಿಯದ್ದು ಆಮೆಯ ನಡಿಗೆ, ದಿನಕ್ಕೆ ಕೆಲವೇ ಮಿಲಿಮೀಟರ್. ಇಷ್ಟು ದೂರದ ಸಾಗಣೆಗೆ ದಾರಿಯುದ್ದಕ್ಕೂ ಶಕ್ತಿ ಬೇಕು. ಎಲ್ಲೋ ಸ್ವಲ್ಪ ಕೊರತೆಯಾದರೂ ಮೊದಲು ಬಾಡುವುದು ಕೊನೆಯ ತುದಿ, ಕಾಲುವೆಯಲ್ಲಿ ನೀರು ಇಳಿದಾಗ ಕೊನೆಯ ಗದ್ದೆ ಮೊದಲು ಒಣಗುವ ಹಾಗೆ. ಅದಕ್ಕಾಗಿಯೇ ಈ ತೊಂದರೆ ಎರಡೂ ಪಾದಗಳ ಬೆರಳಿನಲ್ಲಿ ಶುರುವಾಗಿ, ಕಾಲುಚೀಲ ಏರಿಸಿದಂತೆ ಮೇಲಕ್ಕೆ ಬರುತ್ತದೆ. ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳೂ ಜೋಮು ಹಿಡಿಯಲು ತೊಡಗುತ್ತವೆ, ಏಕೆಂದರೆ ಉದ್ದದ ಲೆಕ್ಕದಲ್ಲಿ ಮುಂದಿನ ಸರದಿ ಅವುಗಳದ್ದು. ಎತ್ತರದ ಆಳುಗಳಲ್ಲಿ ಈ ಅಪಾಯ ತುಸು ಹೆಚ್ಚು. ನೀವು ಅಣ್ಣನಿಗಿಂತ ಎತ್ತರವಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಸಕ್ಕರೆ ಇಲ್ಲಿ ಏನು ಮಾಡುತ್ತದೆ? ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಲು ಹೆಚ್ಚಾಗಿ ಇನ್ಸುಲಿನ್ನಿನ ಅಪ್ಪಣೆ ಕಾಯುತ್ತವೆ. ನರಕೋಶಕ್ಕೆ ಆ ಬಾಗಿಲಿಲ್ಲ. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಗ್ಲೂಕೋಸ್ ಒಳನುಗ್ಗುತ್ತದೆ. ಸ್ನಾಯು ಹಸಿದಿರುವಾಗಲೇ ನರ ಸಕ್ಕರೆಯಲ್ಲಿ ಮುಳುಗಿರುತ್ತದೆ, ಮಧುಮೇಹದ ವಿಪರ್ಯಾಸ ಇದು.

ಒಳಗೆ ಬಂದದ್ದನ್ನು ಕೋಶ ಎಲ್ಲಾದರೂ ಸಾಗಹಾಕಬೇಕಲ್ಲ. ಮಾಮೂಲಿ ದಾರಿ ತುಂಬಿಹೋದಾಗ ಗ್ಲೂಕೋಸ್ ಒಂದು ಅಡ್ಡದಾರಿಗೆ ತಿರುಗುತ್ತದೆ. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಸಾರ್ಬಿಟಾಲ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಸಾರ್ಬಿಟಾಲ್ ಕೋಶದಿಂದ ಸುಲಭವಾಗಿ ಹೊರಹೋಗದೆ ಅಲ್ಲೇ ಸೇರಿಕೊಳ್ಳುತ್ತದೆ. ಅದು ಹೆಚ್ಚಿದಂತೆ ಮಯೋಇನಾಸಿಟಾಲ್ ಎಂಬ ಇನ್ನೊಂದು ಅಗತ್ಯ ವಸ್ತು ಕಡಿಮೆಯಾಗುತ್ತದೆ. ಇದರಿಂದ ನರತಂತುವಿನ ಪೊರೆಯಲ್ಲಿ ಸೋಡಿಯಮ್ಮನ್ನು ಹೊರತಳ್ಳಿ ಪೊಟ್ಯಾಸಿಯಮ್ಮನ್ನು ಒಳಗೆಳೆಯುವ ಪಂಪು ನಿಧಾನವಾಗುತ್ತದೆ, ಸಂದೇಶದ ವೇಗ ತಗ್ಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಈ ಅಡ್ಡದಾರಿ ನಡೆಯುವುದಕ್ಕೆ ಎನ್‌ಎಡಿಪಿಎಚ್ ಎಂಬ ಅಣು ಖರ್ಚಾಗುತ್ತದೆ. ಕೋಶದ ಒಳಗಿನ ತುಕ್ಕುನಿರೋಧಕ ಎನ್ನಬಹುದಾದ ಗ್ಲುಟಾಥಯೋನನ್ನು ಮತ್ತೆ ಮತ್ತೆ ಸಿದ್ಧಪಡಿಸಲು ಬೇಕಾದದ್ದೂ ಅದೇ ಅಣು. ಅದು ಸಕ್ಕರೆ ಸಾಗಹಾಕುವುದರಲ್ಲೇ ಮುಗಿದರೆ ಕೋಶದ ರಕ್ಷಣೆ ಸೊರಗುತ್ತದೆ.

ಇದೇ ಹೊತ್ತಿಗೆ ಅತಿಯಾದ ಇಂಧನ ಬಂದು ಬೀಳುವ ಮೈಟೊಕಾಂಡ್ರಿಯಗಳು, ಅಂದರೆ ಕೋಶದ ವಿದ್ಯುದಾಗಾರಗಳು, ಹೊಗೆಯುಗುಳಲು ತೊಡಗುತ್ತವೆ. ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಪ್ರೋಟೀನು, ಕೊಬ್ಬು, ಡಿಎನ್‌ಎ ಯಾವುದನ್ನೂ ಬಿಡದೆ ಕೆಡಿಸುತ್ತವೆ. ಉದ್ದ ಎಳೆಯ ತುದಿಯಲ್ಲಿ ಮೈಟೊಕಾಂಡ್ರಿಯ ಕೆಟ್ಟರೆ ಬದಲಿ ಬರಬೇಕಾದದ್ದು ದೂರದಿಂದ. ಉದ್ದದ ಮಾತನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಮೂರನೆಯದು ನೀವು ಪ್ರತಿ ಮೂರು ತಿಂಗಳಿಗೊಮ್ಮೆ ವರದಿಯಲ್ಲಿ ನೋಡುವ ಸಂಗತಿಯೇ. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯ ಪ್ರಮಾಣ. ಹಾಗೆ ಅಂಟುವುದಕ್ಕೆ ಯಾವ ಕಿಣ್ವವೂ ಬೇಡ, ಸಕ್ಕರೆ ಹೆಚ್ಚಿದ್ದಷ್ಟೂ ತಾನಾಗಿ ಅಂಟುತ್ತದೆ. ಸಕ್ಕರೆ ಹಿಮೋಗ್ಲೋಬಿನ್ನನ್ನೇ ಹುಡುಕಿಕೊಂಡು ಹೋಗುವುದಿಲ್ಲ. ನರದ ಹಂದರಕ್ಕೆ, ಅದರ ಮೈಲಿನ್ ಹೊದಿಕೆಗೆ, ಸುತ್ತಲಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿಗೆ ಎಲ್ಲಕ್ಕೂ ಅಂಟುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಳೆಯದು ಹೋಗಿ ಹೊಸದು ಬಂದರೆ ವರದಿ ಚೊಕ್ಕಟ. ಕೊಲಾಜೆನ್ ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಅಂಟಿದ ಸಕ್ಕರೆ ಕಾಲಕ್ರಮದಲ್ಲಿ ಬಿಡಿಸಲಾಗದ ಗಂಟಾಗುತ್ತದೆ. ನಿಮ್ಮ ‘ಹತೋಟಿಗೆ ಬಂದ ಮೇಲೆ ಏಕೆ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ವರದಿ ಹೇಳುವುದು ಮೂರು ತಿಂಗಳ ಕಥೆ. ನಿಮ್ಮ ನರದ ಬಳಿ ಇರುವುದು ಹನ್ನೊಂದು ವರ್ಷದ ಲೆಕ್ಕ, ಬಹುಶಃ ಅದಕ್ಕೂ ಹೆಚ್ಚಿನದು. ಟೈಪ್ 2 ಮಧುಮೇಹ ಗೊತ್ತಾಗುವ ಮೊದಲೇ ಕೆಲವು ವರ್ಷ ಸದ್ದಿಲ್ಲದೆ ಇರುವುದುಂಟು.

ನರಕ್ಕೂ ರಕ್ತ ಬೇಕು ಎಂಬುದನ್ನು ಮರೆಯುತ್ತೇವೆ. ನರದ ಹೊದಿಕೆಯೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ಮಧುಮೇಹದಲ್ಲಿ ಅವುಗಳ ಗೋಡೆ ದಪ್ಪವಾಗಿ, ಒಳದಾರಿ ಕಿರಿದಾಗಿ, ನರ ಉಸಿರುಗಟ್ಟುತ್ತದೆ. ಕಣ್ಣಿನ ಅಕ್ಷಿಪಟಲ ಮತ್ತು ಮೂತ್ರಪಿಂಡಕ್ಕೆ ಆಗುವ ಹಾನಿಯೂ ಇದೇ ಜಾತಿಯದು. ಆದ್ದರಿಂದ ಪಾದದಲ್ಲಿ ನರಹಾನಿ ಕಂಡವರಿಗೆ ಕಣ್ಣು ಮತ್ತು ಮೂತ್ರದ ಪರೀಕ್ಷೆ ಮಾಡಿಸಲು ಹೇಳುತ್ತೇವೆ. ರಕ್ತದೊತ್ತಡ, ಧೂಮಪಾನ, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಸೊಂಟದ ಸುತ್ತಿನ ಬೊಜ್ಜು ಈ ಬಲೆಯನ್ನೂ ನರವನ್ನೂ ಬೇರೆ ಬೇರೆ ದಾರಿಗಳಿಂದ ಕೆಡಿಸುತ್ತವೆ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಕ್ಕರೆಯೊಂದನ್ನು ಇಳಿಸಿದರೆ ನರ ಉಳಿಯುತ್ತದೆ ಎಂಬ ನಂಬಿಕೆ ಟೈಪ್ 1 ಮಧುಮೇಹದಲ್ಲಿ ಬಹುಮಟ್ಟಿಗೆ ನಿಜವಾಯಿತು. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ 1441 ಜನರಿದ್ದರು. ಬಿಗಿ ಹತೋಟಿಯಲ್ಲಿದ್ದವರಲ್ಲಿ ನರಹಾನಿ ಸುಮಾರು 60 ಶೇಕಡಾ ಕಡಿಮೆಯಾಯಿತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಎಚ್‌ಬಿಎ1ಸಿ ಹೆಚ್ಚುಕಡಿಮೆ ಒಂದೇ ಆದರೂ, ಮೊದಲು ಬಿಗಿ ಇದ್ದವರಿಗೆ ಸಿಕ್ಕ ಲಾಭ ವರ್ಷಗಳವರೆಗೆ ಉಳಿದುಬಂತು. ಹಳೆಯ ಸಕ್ಕರೆಯನ್ನು ಮೈ ಮರೆಯುವುದಿಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ನಿಮ್ಮದು ಟೈಪ್ 2. ಇದರಲ್ಲಿ ಸಕ್ಕರೆ ಇಳಿಸಿದ್ದರಿಂದ ಕಣ್ಣಿಗೆ, ಮೂತ್ರಪಿಂಡಕ್ಕೆ ಸ್ಪಷ್ಟ ಲಾಭ ಕಂಡಿತು, ನರಕ್ಕೆ ಸಿಕ್ಕಿದ ಲಾಭ ಮಾತ್ರ ಅಲ್ಪ. ಏಕೆಂದರೆ ಟೈಪ್ 2ರಲ್ಲಿ ಸಕ್ಕರೆಯ ಜೊತೆಗೆ ಕೊಬ್ಬಿನಾಮ್ಲಗಳ ಹೊರೆ, ಇನ್ಸುಲಿನ್ ಪ್ರತಿರೋಧ, ರಕ್ತದೊತ್ತಡ ಎಲ್ಲವೂ ಒಟ್ಟಿಗೇ ಬಂದಿರುತ್ತವೆ. ಇನ್ಸುಲಿನ್ ನರಕ್ಕೆ ಗ್ಲೂಕೋಸ್ ಒಯ್ಯುವ ಆಳಲ್ಲದಿದ್ದರೂ ನರದ ಬೆಳವಣಿಗೆ ದುರಸ್ತಿಗೆ ಪೋಷಕ. ನರಕೋಶವೂ ಅದರ ಮಾತು ಕೇಳದಂತಾದರೆ ಆ ಪೋಷಣೆ ತಪ್ಪುತ್ತದೆ. ಸಕ್ಕರೆ ಇನ್ನೂ ಮಧುಮೇಹದ ಗೆರೆ ದಾಟದ, ಬರಿಯ ಅಂಚಿನಲ್ಲಿರುವ ಕೆಲವರಲ್ಲಿಯೂ ಪಾದದ ಉರಿ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ನಿಮ್ಮ ಪತ್ರದಲ್ಲಿ ತೂಕ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಒಂದರ ಬಗ್ಗೆಯೂ ಮಾತಿಲ್ಲ. ನನಗೆ ಅಣ್ಣನ ಸಕ್ಕರೆಗಿಂತ ಈ ಮೂರರ ಮೇಲೆಯೇ ಹೆಚ್ಚು ಕುತೂಹಲ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ವೈದ್ಯರು ಇದನ್ನು ತಲೆಕೆಳಗಾಗಿ ಓದುತ್ತಿದ್ದರು ಎಂಬುದನ್ನು ಪ್ರಸಂಗವಶಾತ್ ಹೇಳುತ್ತೇನೆ. ಮಿದುಳಿನ ತಳಭಾಗದ ಒಂದು ಜಾಗಕ್ಕೆ ಚುಚ್ಚಿದರೆ ಪ್ರಾಣಿಗಳ ಮೂತ್ರದಲ್ಲಿ ಸಕ್ಕರೆ ಬರುವುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ತೋರಿಸಿದ್ದರಿಂದ, ನರದ ಕಾಯಿಲೆಯಿಂದಲೇ ಮಧುಮೇಹ ಬರುತ್ತದೆ ಎಂಬ ಭಾವನೆಗೆ ಬಲ ಬಂದಿತ್ತು. ಹಾಗಲ್ಲ, ಮಧುಮೇಹದಿಂದಲೇ ನರ ಕೆಡುತ್ತದೆ ಎಂದು 1864ರಲ್ಲಿ ವಾದಿಸಿದವರು ಅದೇ ದೇಶದ ಮಾರ್ಶಾಲ್ ದ ಕಾಲ್ವಿ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಎಡವುವುದು ನಮಗೂ ತಪ್ಪಿಲ್ಲ. ಸಾರ್ಬಿಟಾಲಿನ ಅಡ್ಡದಾರಿಯನ್ನು ಮುಚ್ಚಿದರೆ ನರ ಉಳಿದೀತು ಎಂದು ದಶಕಗಳ ಕಾಲ ಔಷಧಗಳನ್ನು ಪರೀಕ್ಷಿಸಿದರು. ಎಪಾಲ್‌ರೆಸ್ಟಾಟ್ ಎಂಬುದು ಜಪಾನಿನಲ್ಲಿ ಬಳಕೆಗೆ ಬಂತು. ಅಮೆರಿಕದಲ್ಲಿ ನರಹಾನಿಗೆಂದು ಈ ಗುಂಪಿನ ಯಾವ ಔಷಧಕ್ಕೂ ಅನುಮತಿ ಸಿಕ್ಕಿಲ್ಲ. ಒಂದು ದಾರಿ ಮುಚ್ಚಿದರೂ ಉಳಿದವು ತೆರೆದೇ ಇದ್ದರೆ ಫಲ ಅಷ್ಟಕ್ಕಷ್ಟೇ.

ಈಗ ‘ಹತೋಟಿಗೆ ಬಂದ ಮೇಲೆ’ ಎಂಬುದರ ಉಳಿದರ್ಧ. ಸಕ್ಕರೆ ಬಹಳ ಬೇಗ ಇಳಿದರೂ ನರ ಸಿಡಿದೇಳುವುದುಂಟು. ಮೂರು ತಿಂಗಳೊಳಗೆ ಎಚ್‌ಬಿಎ1ಸಿ 2 ಅಂಶಕ್ಕಿಂತ ಹೆಚ್ಚು ಕುಸಿದವರಲ್ಲಿ, ಕೆಲವೇ ವಾರಗಳಲ್ಲಿ ತೀವ್ರ ಉರಿ ಹೊತ್ತಿಕೊಳ್ಳಬಹುದು. 1933ರಲ್ಲಿ ಇನ್ಸುಲಿನ್ ಆರಂಭಿಸಿದ ರೋಗಿಯಲ್ಲಿ ಇದನ್ನು ಗುರುತಿಸಿದ್ದರಿಂದ ಮೊದಲು ಇನ್ಸುಲಿನ್ನಿನ ಮೇಲೆಯೇ ಗೂಬೆ ಕೂರಿಸಿದ್ದರು. ಮಾತ್ರೆಯಿಂದ ಇಳಿದರೂ ಹೀಗಾಗುತ್ತದೆ, ತಪ್ಪು ಇಳಿದ ವೇಗದ್ದು. ನಿಮ್ಮ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಹತೋಟಿಗೆ ಎರಡು ವರ್ಷ, ಉರಿಗೆ ಎಂಟು ತಿಂಗಳು. ಆದರೂ ಹಳೆಯ ವರದಿಗಳನ್ನು ತೆಗೆದು, ಉರಿ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ದೊಡ್ಡ ಇಳಿತವೇನಾದರೂ ಇದೆಯೇ ಎಂದು ನೋಡಿ.

ನನಗೆ ಹೆಚ್ಚು ಅನುಮಾನ ಇರುವುದು ನಿಮ್ಮ ಪತ್ರದ ಇನ್ನೊಂದು ಸಾಲಿನ ಮೇಲೆ, ಹನ್ನೊಂದು ವರ್ಷದ ಮೆಟ್‌ಫಾರ್ಮಿನ್. ಅದು ಒಳ್ಳೆಯ ಔಷಧ, ನಿಲ್ಲಿಸಬೇಡಿ. ಆದರೆ ದೀರ್ಘಕಾಲ ನುಂಗಿದವರಲ್ಲಿ ಅದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ವಿಟಮಿನ್ ಹೀರಿಕೊಳ್ಳುವುದನ್ನು ತಗ್ಗಿಸಬಹುದು. ನರದ ಮೈಲಿನ್ ಹೊದಿಕೆ ಸರಿಯಾಗಿರಲು ಬಿ12 ಬೇಕೇ ಬೇಕು. ಅದರ ಕೊರತೆಯಲ್ಲೂ ಪಾದ ಜೋಮು ಹಿಡಿಯುತ್ತದೆ, ಶ್ರುತಿಕವೆಯ ನಡುಕ ತಿಳಿಯುವುದಿಲ್ಲ, ಕತ್ತಲಲ್ಲಿ ಹೆಜ್ಜೆ ತಪ್ಪುತ್ತದೆ. ಮಧುಮೇಹಿ ಬಂದು ಕಾಲು ಜೋಮು ಎಂದರೆ ಬಹಳ ಸಲ ಸಕ್ಕರೆಯ ಹಣೆಗೇ ಅದನ್ನು ಕಟ್ಟಿ ಚೀಟಿ ಬರೆದುಬಿಡುತ್ತಾರೆ. ಇದು ನಮ್ಮ ವೃತ್ತಿಯ ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ರಕ್ತಹೀನತೆ ಇಲ್ಲ ಎಂದ ಮಾತ್ರಕ್ಕೆ ಬಿ12 ಸರಿಯಿದೆ ಎನ್ನುವಂತಿಲ್ಲ, ಹಿಮೋಗ್ಲೋಬಿನ್ ಚೆನ್ನಾಗಿದ್ದಾಗಲೇ ನರ ಕೆಡಬಹುದು. ಬಿ12 ಅಂಶ ಗಡಿಯಲ್ಲಿದ್ದರೆ, ಅದರ ಕೊರತೆಯಲ್ಲಿ ಏರುವ ಮೀಥೈಲ್ ಮೆಲೋನಿಕ್ ಆಮ್ಲದ ಪರೀಕ್ಷೆ ಸಂಶಯ ಬಿಡಿಸುತ್ತದೆ. ಕೊರತೆ ಇದೆ ಎಂದಾದರೆ ತುಂಬಿಕೊಳ್ಳುವುದು ಸುಲಭ, ತಡಮಾಡಿದಷ್ಟೂ ಮರಳಿ ಸಿಗುವುದು ಕಡಿಮೆ. ಸಕ್ಕರೆಯಿಂದಾದ ಹಾನಿಗೆ ಅಂಥ ನೇರ ಮದ್ದಿಲ್ಲ. ಇದನ್ನು ಮೊದಲು ಹುಡುಕಿ ಎನ್ನುವುದು ಆ ಕಾರಣಕ್ಕೆ.

ವೈದ್ಯರನ್ನು ಕೇಳದೆ ‘ನರಕ್ಕೆ ಬಲ ಕೊಡುವ’ ಮಾತ್ರೆಗಳನ್ನು ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಅವುಗಳಲ್ಲಿ ಬಿ6 ಹೆಚ್ಚಿನ ಪ್ರಮಾಣದಲ್ಲಿದ್ದರೆ ಅದೇ ಸಂವೇದನಾ ನರವನ್ನು ಕೆಡಿಸುತ್ತದೆ. ನೀವೂ ನುಂಗುತ್ತಿದ್ದರೆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಮದ್ಯಪಾನ, ಥೈರಾಯ್ಡ್ ಹಾರ್ಮೋನಿನ ಕೊರತೆ, ಮೂತ್ರಪಿಂಡದ ವೈಫಲ್ಯ, ಕ್ಯಾನ್ಸರಿನ ಕೆಲವು ಔಷಧಗಳು, ಕುಷ್ಠರೋಗ ಇವೂ ಇದೇ ಮುಖವಾಡದಲ್ಲಿ ಬರಬಹುದು. ಮಧುಮೇಹ ಇದ್ದವರಿಗೆ ಬೇರೆ ಕಾಯಿಲೆ ಬರಬಾರದೆಂಬ ಕಟ್ಟಳೆಯೇನೂ ಇಲ್ಲವಲ್ಲ.

ಯಾವ ಲಕ್ಷಣ ಕಂಡರೆ ಇದು ಮಾಮೂಲಿ ಮಧುಮೇಹದ ನರಹಾನಿಯಲ್ಲ ಎಂದು ಎಚ್ಚರವಾಗಬೇಕು? ಒಂದೇ ಕಾಲಿಗೆ ಬಂದರೆ, ಕಾಲಿಗಿಂತ ಮೊದಲು ಕೈಗೆ ಬಂದರೆ, ಜೋಮಿಗಿಂತ ನಿಶ್ಶಕ್ತಿಯೇ ಮುಂದಿದ್ದರೆ, ವರ್ಷಗಳ ಬದಲು ವಾರಗಳಲ್ಲಿ ಏರಿದರೆ. ತೊಡೆಯಲ್ಲಿ ಸಹಿಸಲಾಗದ ನೋವು ಬಂದು ಸ್ನಾಯು ಬತ್ತುತ್ತ ತೂಕ ಇಳಿಯುವ ಒಂದು ಬಗೆಯೂ ಮಧುಮೇಹಿಗಳಲ್ಲಿ ಇದೆ. ಅಲ್ಲಿ ನರದ ಸೂಕ್ಷ್ಮ ರಕ್ತನಾಳಗಳ ಉರಿಯೂತ ಮುಖ್ಯ ಕಾರಣ. ಇದ್ದಕ್ಕಿದ್ದಂತೆ ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುವುದೂ ಕಣ್ಣನ್ನು ಹೊರಳಿಸುವ ಒಂದು ನರಕ್ಕೆ ರಕ್ತ ನಿಂತಿದ್ದರಿಂದ ಇರಬಹುದು. ಬೆನ್ನುನೋವಿನ ಜೊತೆ ಮೂತ್ರ ಮಲದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ತುರ್ತು, ಆ ದಿನವೇ ಆಸ್ಪತ್ರೆ ಸೇರಬೇಕು.

ಉರಿ ಮತ್ತು ಜೋಮು ಒಟ್ಟಿಗಿರುವುದು ನಿಮಗೆ ವಿಚಿತ್ರವೆನಿಸಿರಬೇಕು. ನೋವು ಮತ್ತು ಬಿಸಿ ತಣ್ಣಗೆಯನ್ನು ಒಯ್ಯುವ ತೆಳು ಎಳೆಗಳು ಮುರಿಯುವಾಗ ಸುಮ್ಮನಿರುವುದಿಲ್ಲ. ಅವುಗಳ ಪೊರೆಯಲ್ಲಿನ ಸೋಡಿಯಮ್ ದ್ವಾರಗಳು ಅಸ್ಥಿರವಾಗಿ, ಯಾವ ಪ್ರಚೋದನೆಯೂ ಇಲ್ಲದೆ ಮಿದುಳಿಗೆ ‘ಸುಡುತ್ತಿದೆ’ ಎಂದು ಸುದ್ದಿ ಕಳಿಸುತ್ತವೆ. ಸ್ಪರ್ಶ ತಿಳಿಸಬೇಕಾದ ಎಳೆಗಳು ಅಷ್ಟರಲ್ಲಿ ಮೌನವಾಗಿರುತ್ತವೆ. ತೆಳು ಎಳೆಗಳಷ್ಟೇ ಕೆಟ್ಟಿದ್ದರೆ ನರದ ವಿದ್ಯುತ್ ಪರೀಕ್ಷೆ ಸಹಜವೆಂದು ಬರಬಹುದು, ಅದನ್ನು ನೋಡಿ ನಿಮ್ಮ ಉರಿ ಬರಿಯ ಕಲ್ಪನೆ ಎಂದುಕೊಳ್ಳಬೇಡಿ. ಪ್ರೀಗ್ಯಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದವು ಈ ಸುಳ್ಳು ಸುದ್ದಿಯ ಸದ್ದು ತಗ್ಗಿಸುತ್ತವೆ. ಮೇಲೆ ಹೇಳಿದ ಯಾವ ಕಾರಣವನ್ನೂ ಅವು ಮುಟ್ಟುವುದಿಲ್ಲ. ಇನ್ನೊಂದು ಮಾತು: ಮುಂದೊಂದು ದಿನ ಉರಿ ತಾನಾಗಿ ಕಡಿಮೆಯಾದರೆ ಸಂಭ್ರಮಿಸುವ ಮೊದಲು ಪಾದವನ್ನು ಮತ್ತೆ ಪರೀಕ್ಷಿಸಿಕೊಳ್ಳಿ. ನರ ಚೇತರಿಸಿಕೊಂಡಿರಬಹುದು, ಪೂರ್ತಿ ಸತ್ತಿರಲೂಬಹುದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ನೋಡಿದರೆ ಎರಡರಲ್ಲಿ ಯಾವುದು ಎಂಬ ಸುಳಿವು ಒಂದೇ ನಿಮಿಷದಲ್ಲಿ ಸಿಗುತ್ತದೆ. ಅದು ತಿಳಿಯದ ಪಾದಕ್ಕೆ ಬೂಟಿನೊಳಗಿನ ಕಲ್ಲೂ ತಿಳಿಯುವುದಿಲ್ಲ, ಹುಣ್ಣು ಶುರುವಾಗುವುದು ಅಲ್ಲಿಂದಲೇ.

ಮುಂದಿನ ಭೇಟಿಯಲ್ಲಿ ಬಿ12, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಟ್ರೈಗ್ಲಿಸರೈಡ್ ಇವಿಷ್ಟನ್ನು ಕೇಳಿ ಮಾಡಿಸಿಕೊಳ್ಳಿ. ಎದ್ದು ನಿಂತಾಗ ತಲೆ ಸುತ್ತುತ್ತದೆಯೇ, ಸ್ವಲ್ಪ ತಿಂದರೂ ಹೊಟ್ಟೆ ಉಬ್ಬುತ್ತದೆಯೇ, ಸಕ್ಕರೆ ಇಳಿದಾಗ ಮೊದಲಿನಂತೆ ಬೆವರು ನಡುಕ ಬರುತ್ತಿಲ್ಲವೇ ಎಂಬುದನ್ನೂ ಹೇಳಿ. ಹೃದಯ, ಜಠರ, ರಕ್ತನಾಳಗಳನ್ನು ನಡೆಸುವ ನರಗಳಿಗೂ ಇದೇ ಕಾರಣಗಳಿಂದ ಹಾನಿಯಾಗುತ್ತದೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ, ಬೂಟು ಕಾಲುಚೀಲ ಬಿಚ್ಚಿಸಿ ಅವರ ಹೆಬ್ಬೆರಳಿನ ಮೇಲೂ ಆ ಕವೆಯನ್ನು ಇಡಲು ಹೇಳಿ.